ಖಾಲಿ ಹಾಳೆಯ ಮೇಲಿನ ಸಹಿ

ರೋಣ, ನರಗುಂದದಂಥ ಊರುಗಳ ನ್ಯಾಯಾಲಯದಲ್ಲಿ ಒಂದು ದಿನ ಕುಳಿತವರಿಗೆ ಈ ಸಂಭಾಷಣೆ ಹೊಸದೆನಿಸದು. ಕಟಕಟೆಯಲ್ಲಿ ನಿಂತ ಮನುಷ್ಯನಿಗೆ ಸರ್ಕಾರಿ ಅಭಿಯೋಜಕರು ಒಂದು ಕಾಗದ ತೋರಿಸುತ್ತಾರೆ. ‘ಈ ಪಂಚನಾಮೆಯ ಮೇಲಿನ ಸಹಿ ನಿಮ್ಮದೇ?’ ‘ಹೌದ್ರಿ, ನಂದ.’ ‘ಆರೋಪಿ ನಿಮ್ಮ ಎದುರಿಗೆ ಕೊಡಲಿ ತೆಗೆದುಕೊಟ್ಟನೆ?’ ‘ನಾ ನೋಡಿಲ್ರಿ.’ ‘ಮತ್ತೆ ಸಹಿ ಯಾಕೆ ಮಾಡಿದಿರಿ?’ ‘ಸ್ಟೇಷನ್ನಿಗೆ ಕರೆದು ಸಹಿ ಮಾಡು ಅಂದ್ರು, ಮಾಡೀನ್ರಿ.’

ಅಭಿಯೋಜಕರು ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸುವಂತೆ ಕೋರುತ್ತಾರೆ. ಪಾಟಿ ಸವಾಲು ನಡೆಯುತ್ತದೆ. ಆರೋಪಿಯೊಂದಿಗೆ ಶಾಮೀಲಾಗಿ ಸುಳ್ಳು ಹೇಳುತ್ತಿದ್ದೀರಿ ಎಂಬ ಸೂಚನೆಯನ್ನು ಸಾಕ್ಷಿ ಅಲ್ಲಗಳೆಯುತ್ತಾನೆ. ಐದಾರು ನಿಮಿಷಗಳಲ್ಲಿ ಎಲ್ಲ ಮುಗಿದು ಮುಂದಿನ ಪ್ರಕರಣದ ಕೂಗು ಬೀಳುತ್ತದೆ. ಇದು ಯಾವುದೋ ಒಂದು ಮೊಕದ್ದಮೆಯ ನಡಾವಳಿಯಲ್ಲ. ರಾಜ್ಯದ ಯಾವ ತಾಲ್ಲೂಕಿನಲ್ಲಾದರೂ ವಕೀಲಿ ಮಾಡಿದವರು ಹೆಸರು ಬದಲಿಸಿ ಹೇಳಬಲ್ಲ ಪ್ರಸಂಗ.

ಇಂಥ ಪ್ರಕರಣಗಳು ಖುಲಾಸೆಯಾದಾಗ ಊರಿನ ಕಟ್ಟೆಯ ಮೇಲೆ ಕೇಳಿಬರುವ ಮಾತೂ ಪರಿಚಿತವೇ: ‘ಕಾನೂನಿನ ಸಂದಿಯಲ್ಲಿ ತೂರಿಕೊಂಡು ಪಾರಾದ.’ ಸಾಕ್ಷ್ಯದ ನಿಯಮಗಳು ಅಪರಾಧಿಗಳ ರಕ್ಷಣೆಗೆಂದೇ ಇರುವ ತಾಂತ್ರಿಕ ನೆಪಗಳು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ಭಾವನೆ ಎಷ್ಟು ಸರಿ? ಆ ಖಾಲಿ ಹಾಳೆಯ ಮೇಲಿನ ಸಹಿಯಿಂದ ನಿಜವಾಗಿ ಮೋಸ ಹೋದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನರಗುಂದದ ಗುಡ್ಡದ ಬುಡದಿಂದಲೇ ಆರಂಭಿಸಬಹುದು.

ಹದಿನಾಲ್ಕು ದಿನಗಳ ನ್ಯಾಯ

1858ರ ಮೇ 29ರ ರಾತ್ರಿ ದಕ್ಷಿಣ ಮರಾಠಾ ಪ್ರದೇಶದ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾದ. ದತ್ತು ಸ್ವೀಕಾರಕ್ಕೆ ಕಂಪನಿ ಸರ್ಕಾರ ಒಪ್ಪಿಗೆ ನಿರಾಕರಿಸಿದ್ದರಿಂದ ಕುದಿಯುತ್ತಿದ್ದ ನರಗುಂದದ ದೊರೆ ಭಾಸ್ಕರರಾವ್ ಭಾವೆ, ಅಂದರೆ ನಮ್ಮ ಜನರ ಬಾಯಲ್ಲಿ ಉಳಿದಿರುವ ಬಾಬಾಸಾಹೇಬ, ಈ ಕೃತ್ಯದ ನೇತೃತ್ವ ವಹಿಸಿದ್ದ. ಕಂಪನಿಯ ಸೇನೆ ಬಂದಿತು, ಕೋಟೆ ಬಿದ್ದಿತು, ಬಾಬಾಸಾಹೇಬ ಸೆರೆಸಿಕ್ಕ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಕೊಲೆಗೂ ಗಲ್ಲಿಗೂ ನಡುವೆ ಕಳೆದದ್ದು ಹದಿನಾಲ್ಕು ದಿನ. ಬಂಧನ, ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲವೂ ಆ ಅವಧಿಯೊಳಗೇ ಮುಗಿದಿದ್ದವು.

ಬಾಬಾಸಾಹೇಬನ ಪಾತ್ರದ ಬಗ್ಗೆ ಇತಿಹಾಸಕಾರರಲ್ಲಿ ವಿವಾದವಿಲ್ಲ. ಆತ ಬಂಡೆದ್ದಿದ್ದ, ಅದನ್ನು ಮುಚ್ಚಿಟ್ಟವನೂ ಅಲ್ಲ. ಇಲ್ಲಿ ಗಮನಿಸಬೇಕಾದದ್ದು ಆಗಿನ ವ್ಯವಸ್ಥೆಯನ್ನು. 1857ರ ದಂಗೆಯ ದಿನಗಳಲ್ಲಿ ಅವಸರದಿಂದ ಹೊರಡಿಸಿದ ಕಾಯಿದೆಗಳು ವಿಶೇಷ ಕಮಿಷನರುಗಳಿಗೆ ಮರಣದಂಡನೆಯ ಅಧಿಕಾರ ಕೊಟ್ಟಿದ್ದವು. ಅವರ ತೀರ್ಪೇ ಅಂತಿಮವಾಗಿತ್ತು, ಮೇಲ್ಮನವಿಗೆ ಎಡೆ ಇರಲಿಲ್ಲ. ದೊರೆಯೊಬ್ಬನ ಹೆಸರು ಇತಿಹಾಸದಲ್ಲಿ ಉಳಿಯಿತು. ಅದೇ ದಿನಗಳಲ್ಲಿ ಇದೇ ಬಗೆಯ ವಿಚಾರಣೆಗೆ ಗುರಿಯಾದ ಸಿಪಾಯಿಗಳು, ಶೇತಸನದಿಗಳು, ಒಕ್ಕಲುಮಕ್ಕಳ ಪೈಕಿ ಎಷ್ಟು ಮಂದಿ ನಿಜವಾಗಿ ಬಂಡಾಯದಲ್ಲಿದ್ದರು, ಎಷ್ಟು ಮಂದಿ ದಾರಿಯಲ್ಲಿ ಸಿಕ್ಕವರು ಎಂಬುದನ್ನು ಹೇಳಬಲ್ಲ ಸಾಕ್ಷ್ಯವನ್ನು ಅಂಥ ವಿಚಾರಣೆ ಉಳಿಸಿಹೋಗುವುದಿಲ್ಲ. ಸಾಕ್ಷ್ಯದ ನಿಯಮಗಳಿಲ್ಲದ ಕಡೆ ಅಪರಾಧಿಯೂ ನಿರಪರಾಧಿಯೂ ಒಂದೇ ಹಗ್ಗಕ್ಕೆ ಬೀಳುತ್ತಾರೆ.

ಕುತೂಹಲದ ಸಂಗತಿಯೆಂದರೆ, ಪೊಲೀಸರ ಕೈಯಲ್ಲಿ ಆಗುವ ತಪ್ಪೊಪ್ಪಿಗೆಯನ್ನು ನಂಬಬಾರದೆಂದು ಮೊದಲು ಕಾನೂನು ಬರೆದವರು ಇದೇ ವಸಾಹತು ಆಡಳಿತಗಾರರು. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೂ ಅಪರಾಧ ಪತ್ತೆಗೂ ಚಿತ್ರಹಿಂಸೆ ಎಷ್ಟು ಸಾಮಾನ್ಯವಾಗಿದೆ ಎಂಬುದನ್ನು ಅಲ್ಲಿನ ವಿಚಾರಣಾ ಆಯೋಗ 1855ರಲ್ಲಿ ದಾಖಲಿಸಿತು. ಬಳ್ಳಾರಿ, ಕೆನರಾ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲಿಯೇ ಇದ್ದವು. ಪೊಲೀಸ್ ಅಧಿಕಾರಿಯ ಎದುರಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸೇರಿತು. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಕಾಯಿದೆಯಲ್ಲಿ ಅದು 25ನೆಯ ಕಲಮಾಯಿತು. ಪೊಲೀಸರ ವಶದಲ್ಲಿದ್ದಾಗ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಲ್ಲದೆ ಮಾಡಿದ ತಪ್ಪೊಪ್ಪಿಗೆಯೂ ಸಲ್ಲದು ಎಂದು 26ನೆಯ ಕಲಂ ಹೇಳಿತು.

2024ರ ಜುಲೈ 1ರಿಂದ ಆ ಹಳೆಯ ಕಾಯಿದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಹೆಸರು ಬದಲಾಗಿದೆ, ಕಲಮುಗಳ ಸಂಖ್ಯೆ ಬದಲಾಗಿದೆ. ಆದರೆ ಈ ಎರಡು ನಿರ್ಬಂಧಗಳು 23ನೆಯ ಕಲಮಿನಲ್ಲಿ ಹಾಗೆಯೇ ಉಳಿದಿವೆ. ನೂರೈವತ್ತು ವರ್ಷಗಳ ಅನುಭವದ ನಂತರವೂ ಶಾಸನಸಭೆ ಅವನ್ನು ತೆಗೆಯಲು ಮುಂದಾಗಲಿಲ್ಲ ಎಂಬುದೇ ಅವುಗಳ ಅಗತ್ಯಕ್ಕೆ ಸಾಕ್ಷಿ.

ನಿಯಮವು ಹಕ್ಕಾದ ಬಗೆ

ಆಂಗ್ಲರ ಪಾಲಿಗೆ ಇದು ಆಡಳಿತದ ಅನುಕೂಲಕ್ಕೆ ಮಾಡಿಕೊಂಡ ನಿಯಮ. ಬೇಡವೆನಿಸಿದಾಗ ವಿಶೇಷ ಕಾಯಿದೆ ತಂದು ಅದನ್ನು ಬದಿಗಿರಿಸಬಹುದಾಗಿತ್ತು. 1950ರ ಜನವರಿ 26ರಂದು ಪರಿಸ್ಥಿತಿ ಬದಲಾಯಿತು. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಕೂಡದು ಎಂದು ಸಂವಿಧಾನದ 20(3)ನೆಯ ವಿಧಿ ಹೇಳಿತು. ಕಾನೂನು ನಿಗದಿಪಡಿಸಿದ ಕ್ರಮದ ಹೊರತು ಜೀವ ಮತ್ತು ಸ್ವಾತಂತ್ರ್ಯವನ್ನು ಕಸಿಯಲಾಗದು ಎಂದು 21ನೆಯ ವಿಧಿ ಸಾರಿತು. ಬಂಧನದ ಕಾರಣ ತಿಳಿಯುವ, ತನ್ನ ಆಯ್ಕೆಯ ವಕೀಲನನ್ನು ಕಾಣುವ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕುಗಳನ್ನು 22ನೆಯ ವಿಧಿ ಕೊಟ್ಟಿತು. ಇವನ್ನೆಲ್ಲ ಬರೆದವರಲ್ಲಿ ಹಲವರು ಸ್ವತಃ ಬಂಧನ, ಲಾಠಿ, ಸೆರೆಮನೆಗಳನ್ನು ಕಂಡವರಾಗಿದ್ದರು ಎಂಬುದನ್ನು ಮರೆಯಲಾಗದು.

ಈ ಹಕ್ಕಿನ ಎಲ್ಲೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ. ಕಳೆದ ದಶಕಗಳಲ್ಲಿ ಬೆಂಗಳೂರು ಮಂಪರು ಪರೀಕ್ಷೆಯ ರಾಜಧಾನಿಯಂತಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು ಟಿ.ವಿ. ವಾಹಿನಿಗಳಲ್ಲಿ ಪ್ರಸಾರವಾದಾಗ ನಾವೆಲ್ಲ ಕಣ್ಣರಳಿಸಿ ನೋಡಿದ್ದೆವು. ಔಷಧದ ಅಮಲಿನಲ್ಲಿ ಒಬ್ಬ ಮನುಷ್ಯ ತೊದಲುವ ಮಾತು ಸಾಕ್ಷ್ಯವೇ ಎಂದು ಕೇಳಿದವರು ಕಡಿಮೆ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪ್ರಶ್ನೆ ಕೇಳಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ನಕ್ಷೆ ಇವುಗಳಲ್ಲಿ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ಬೆರಳಚ್ಚು, ಕೈಬರಹದ ಮಾದರಿ ಪಡೆಯುವುದು ಬೇರೆ, ಮನಸ್ಸಿನೊಳಗೆ ಕೈಹಾಕಿ ಮಾತು ಕೀಳುವುದು ಬೇರೆ. 1961ರ ಕಾಥಿ ಕಾಲು ಓಘಡ್ ಪ್ರಕರಣದಲ್ಲಿಯೇ ಎಳೆದಿದ್ದ ಈ ಗೆರೆಯನ್ನು ಸೆಲ್ವಿ ತೀರ್ಪು ಗಟ್ಟಿಗೊಳಿಸಿತು.

ಇಷ್ಟಾದರೂ ನಮ್ಮ ಕಾನೂನಿನ ಒಂದು ವೈಶಿಷ್ಟ್ಯವನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಅಮೆರಿಕದಲ್ಲಿ ಕಾನೂನುಬಾಹಿರ ಶೋಧದಿಂದ ಸಿಕ್ಕ ವಸ್ತುವನ್ನು ಸಾಮಾನ್ಯವಾಗಿ ನ್ಯಾಯಾಲಯ ಮುಟ್ಟುವುದೇ ಇಲ್ಲ. 1961ರ ಮ್ಯಾಪ್ ತೀರ್ಪಿನಿಂದ ಈ ನಿಯಮ ಅಲ್ಲಿನ ರಾಜ್ಯಗಳ ನ್ಯಾಯಾಲಯಗಳಿಗೂ ಅನ್ವಯವಾಗಿದೆ. ನಮ್ಮಲ್ಲಿ ಹಾಗಿಲ್ಲ. ಶೋಧದ ಕ್ರಮ ತಪ್ಪಾಗಿದ್ದರೂ ಸಿಕ್ಕ ವಸ್ತು ಪ್ರಸ್ತುತವಾಗಿದ್ದರೆ ಅದು ಸಾಕ್ಷ್ಯವಾಗಬಹುದು ಎಂದು 1973ರ ಪೂರಣಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಪೊಲೀಸರು ಮನೆಗೆ ನುಗ್ಗಿದ್ದು ತಪ್ಪೆಂದು ಸಾಬೀತು ಮಾಡಿದರೂ ಆರೋಪಿ ಪಾರಾದಂತಲ್ಲ. ಹಾಗಾದರೆ ಭಾರತೀಯ ಪ್ರಜೆಗೆ ಉಳಿದ ರಕ್ಷಣೆ ಯಾವುದು? ವಸ್ತು ನಿಜವಾಗಿ ಅಲ್ಲಿಯೇ ಸಿಕ್ಕಿತೇ, ಅವನೇ ತೋರಿಸಿದನೇ ಎಂದು ಹೇಳಬಲ್ಲ ಇಬ್ಬರು ಸ್ವತಂತ್ರ ವ್ಯಕ್ತಿಗಳು. ನಾವು ಪಂಚರೆಂದು ಕರೆಯುವವರು ಇವರೇ. ಕಾಗದದ ಮೇಲೆ ಸಹಿ ಮಾಡಿ ಮನೆಗೆ ಹೋಗುವ ಆ ಇಬ್ಬರ ಮೇಲೆ ಸಂವಿಧಾನದ ಎಷ್ಟೊಂದು ಭಾರ ನಿಂತಿದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ.

ಕಿರುಬಾಗಿಲು ಹೆಬ್ಬಾಗಿಲಾದಾಗ

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಲ್ಲದೆಂಬ ನಿಯಮಕ್ಕೆ ಒಂದು ಅಪವಾದವಿದೆ. ಹಳೆಯ ಕಾಯಿದೆಯ 27ನೆಯ ಕಲಂ, ಈಗ 23ನೆಯ ಕಲಮಿನ ಪರಂತುಕ. ಪೊಲೀಸರ ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿನ ಭಾಗ ಮಾತ್ರ ಸಾಕ್ಷ್ಯವಾಗುತ್ತದೆ. ಉದಾಹರಣೆಗೆ, ‘ನಾನು ಕೊಂದ ಕೊಡಲಿಯನ್ನು ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂದು ಆರೋಪಿ ಹೇಳಿದ ಎಂದಿಟ್ಟುಕೊಳ್ಳೋಣ. ‘ಕೊಡಲಿಯನ್ನು ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ’ ಎಂಬುದು ಸಲ್ಲುತ್ತದೆ. ‘ನಾನು ಕೊಂದ’ ಎಂಬುದು ಸಲ್ಲದು. ಪ್ರಿವಿ ಕೌನ್ಸಿಲ್ 1940ರ ದಶಕದಲ್ಲಿ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ವಿವರಿಸಿದ ಈ ತತ್ತ್ವವೇ ಇಂದಿಗೂ ಆಧಾರ.

ನಿಯಮ ಇಷ್ಟು ಸೂಕ್ಷ್ಮವಾಗಿದ್ದರೂ ಆಚರಣೆಯಲ್ಲಿ ಈ ಕಿರುಬಾಗಿಲೇ ಹೆಬ್ಬಾಗಿಲಾಗಿದೆ. ಪ್ರತ್ಯಕ್ಷ ಸಾಕ್ಷಿಗಳಿಲ್ಲದ ಕೊಲೆ ಪ್ರಕರಣಗಳಲ್ಲಿ ಆರೋಪಿಯ ‘ಸ್ವಯಿಚ್ಛಾ ಹೇಳಿಕೆ’ ಮತ್ತು ಅದರ ಬೆನ್ನಿಗೆ ಬರುವ ಆಯುಧ ಜಪ್ತಿಯ ಪಂಚನಾಮೆಯೇ ಬಹಳಷ್ಟು ಸಲ ಪ್ರಾಸಿಕ್ಯೂಷನ್ನಿನ ಬೆನ್ನೆಲುಬು. ಹಲವು ದೋಷಾರೋಪ ಪಟ್ಟಿಗಳಲ್ಲಿ ಹೇಳಿಕೆಗಳ ಒಕ್ಕಣೆ ಒಂದೇ ಅಚ್ಚಿನಲ್ಲಿ ಹೊಯ್ದಂತಿರುತ್ತದೆ. ಪಂಚರ ಸಹಿ ಇರುತ್ತದೆ, ಪಂಚರು ಇರುವುದಿಲ್ಲ.

ಇದರ ಫಲವೇನು ಎಂಬುದಕ್ಕೆ ನಮ್ಮದೇ ರಾಜ್ಯದ ಎರಡು ಇತ್ತೀಚಿನ ತೀರ್ಪುಗಳಿವೆ. 2022ರ ಅಕ್ಟೋಬರಿನಲ್ಲಿ ‘ಸುಬ್ರಹ್ಮಣ್ಯ ವಿರುದ್ಧ ಕರ್ನಾಟಕ ರಾಜ್ಯ’ ಕೊಲೆ ಪ್ರಕರಣದಲ್ಲಿ ಹೈಕೋರ್ಟ್ ವಿಧಿಸಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಆರೋಪಿ ಬಾಯಿಬಿಡಲು ಸಿದ್ಧನೆಂದಾಗ ತನಿಖಾಧಿಕಾರಿ ಮೊದಲು ಇಬ್ಬರು ಸ್ವತಂತ್ರ ಪಂಚರನ್ನು ಠಾಣೆಗೆ ಕರೆಸಬೇಕು. ಅವರ ಎದುರಿನಲ್ಲಿ ಆರೋಪಿ ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಅನಂತರ ಅವನು ದಾರಿ ತೋರಿಸುತ್ತಿರುವಾಗ ಪಂಚರೊಂದಿಗೆ ಹೋಗಿ ಪತ್ತೆಯನ್ನು ದಾಖಲಿಸಬೇಕು. ನ್ಯಾಯಾಲಯ ಇದನ್ನು ಪಾಠ ಹೇಳಿದಂತೆ ಬಿಡಿಸಿ ಹೇಳಬೇಕಾಗಿ ಬಂತು.

ಇನ್ನೊಂದು ಗದಗಕ್ಕೆ ಅಷ್ಟೇನೂ ದೂರವಲ್ಲದ ವಿಜಯಪುರದ ಕಡೆಯ ಪ್ರಕರಣ. 2001ರಲ್ಲಿ ನಡೆದ ಕೊಲೆಯಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2010ರಲ್ಲಿ ಹೈಕೋರ್ಟ್ ಆ ತೀರ್ಪನ್ನು ತಿರುಗಿಸಿ ಶಿಕ್ಷೆ ವಿಧಿಸಿತು. 2024ರ ಏಪ್ರಿಲ್‌ನಲ್ಲಿ ‘ಬಾಬು ಸಾಹೇಬಗೌಡ ರುದ್ರಗೌಡರ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಹೆಸರಿನ ಆ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಖುಲಾಸೆಗೇ ಮರಳಿತು. ಇತರ ಕಾರಣಗಳ ಜತೆಗೆ ಮುಖ್ಯವಾದ ಒಂದು ಕಾರಣ ಇದು: ಹೇಳಿಕೆಯ ಕಾಗದಕ್ಕೆ ನಿಶಾನೆ ಸಂಖ್ಯೆ ಕೊಟ್ಟ ಮಾತ್ರಕ್ಕೆ ಅದರಲ್ಲಿರುವುದು ಸಾಬೀತಾಗುವುದಿಲ್ಲ. ಆರೋಪಿ ಏನು ಹೇಳಿದ, ಅದರಿಂದ ಹೇಗೆ ಪತ್ತೆಯಾಯಿತು ಎಂಬುದನ್ನು ತನಿಖಾಧಿಕಾರಿ ತನ್ನ ಸಾಕ್ಷ್ಯದಲ್ಲಿ ಬಿಡಿಸಿ ಹೇಳಬೇಕು.

ಕೊಲೆಗೂ ಕೊನೆಯ ತೀರ್ಪಿಗೂ ನಡುವೆ ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಕಳೆದುಹೋಯಿತು. ಆರೋಪಿಗಳು ನಿರಪರಾಧಿಗಳಾಗಿದ್ದರೆ ಅವರ ಬಾಳಿನ ಇಷ್ಟು ವರ್ಷ ಹಾಳಾದವು. ಅಪರಾಧಿಗಳಾಗಿದ್ದರೆ ಸತ್ತವನ ಮನೆಯವರಿಗೆ ನ್ಯಾಯ ಸಿಗಲಿಲ್ಲ. ಎರಡರಲ್ಲಿ ಯಾವುದೆಂದು ನಿಶ್ಚಯವಾಗಿ ಹೇಳುವ ದಾರಿಯನ್ನೇ ತನಿಖೆ ಮುಚ್ಚಿಬಿಟ್ಟಿತ್ತು. ಆದ್ದರಿಂದ ಸಾಕ್ಷ್ಯದ ನಿಯಮ ಆರೋಪಿಯ ಪಕ್ಷಪಾತಿ ಎಂಬುದು ಅರ್ಧ ಸತ್ಯವೂ ಅಲ್ಲ. ನಿಯಮ ಮುರಿದಾಗ ಮೊದಲ ಪೆಟ್ಟು ಆರೋಪಿಗೆ ಬೀಳಬಹುದು, ಕೊನೆಯ ಪೆಟ್ಟು ಬೀಳುವುದು ನೊಂದವರಿಗೆ.

ಗುಂಪಿನಲ್ಲಿ ಯಾರಿದ್ದರು?

ನರಗುಂದ ಸೀಮೆಗೆ ಇನ್ನೊಂದು ಬಗೆಯ ಮೊಕದ್ದಮೆಗಳ ಪರಿಚಯವೂ ಚೆನ್ನಾಗಿದೆ. ಅವು ಚಳವಳಿಯ ಮೊಕದ್ದಮೆಗಳು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿಯ ವಿರುದ್ಧ ಬೀದಿಗಿಳಿದರು. ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು. ಗುಂಡಿಗೆ ರೈತರು ಬಲಿಯಾದರು. ಉದ್ರಿಕ್ತ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಪ್ರಾಣ ಕಳೆದುಕೊಂಡರು. ರಾಜ್ಯದ ರಾಜಕಾರಣವನ್ನೇ ಬದಲಿಸಿದ ಆ ದಿನವನ್ನು ರೈತರು ಇಂದಿಗೂ ಹುತಾತ್ಮ ದಿನವಾಗಿ ಆಚರಿಸುತ್ತಾರೆ. 2016ರ ಜುಲೈನಲ್ಲಿ ಮಹಾದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿದಾಗ ಇದೇ ಭಾಗ ಮತ್ತೆ ಹೊತ್ತಿಕೊಂಡಿತು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರೆನ್ನದೆ ಹೊಡೆದ ದೃಶ್ಯಗಳನ್ನು ಇಡೀ ನಾಡು ನೋಡಿತು.

ಇಂಥ ಪ್ರಕರಣಗಳಲ್ಲಿ ಸಾಕ್ಷ್ಯದ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ. ಕಾನೂನುಬಾಹಿರ ಗುಂಪಿನಲ್ಲಿ ಇದ್ದವನೆಂದರೆ ಗುಂಪಿನ ಉದ್ದೇಶ ಸಾಧನೆಗೆ ಯಾರೋ ಮಾಡಿದ ಅಪರಾಧಕ್ಕೂ ಆತ ಹೊಣೆಯಾಗುತ್ತಾನೆ. ಹೀಗಿರುವಾಗ ‘ಇದ್ದ’ ಎಂಬ ಒಂದು ಮಾತಿನ ತೂಕ ಎಷ್ಟೆಂದು ಊಹಿಸಬಹುದು. ಪ್ರಥಮ ವರ್ತಮಾನ ವರದಿಯಲ್ಲಿ ಹತ್ತು ಹೆಸರು ಬರೆದು ‘ಮತ್ತು ಇತರರು’ ಎಂದು ಸೇರಿಸಿದರೆ ಆ ‘ಇತರರು’ ಎಂಬ ಪದದೊಳಗೆ ಇಡೀ ಊರು ಹಿಡಿಸುತ್ತದೆ. ಗೊಬ್ಬರ ತರಲು ಪೇಟೆಗೆ ಬಂದವನೂ ಹಿಡಿಸುತ್ತಾನೆ. ಈ ಅಪಾಯವನ್ನು ಗ್ರಹಿಸಿಯೇ ಸುಪ್ರೀಂ ಕೋರ್ಟ್ 1964ರ ಮಸಲ್ತಿ ಪ್ರಕರಣದಲ್ಲಿ, ದೊಡ್ಡ ಗುಂಪಿನ ಮೊಕದ್ದಮೆಗಳಲ್ಲಿ ಆರೋಪಿಯೊಬ್ಬನ ಪಾಲ್ಗೊಳ್ಳುವಿಕೆಯ ಬಗ್ಗೆ ಇಬ್ಬರು ಮೂವರಾದರೂ ಸಾಕ್ಷಿಗಳು ಹೊಂದಿಕೆಯಾಗುವಂತೆ ಹೇಳಬೇಕೆಂಬ ವಿವೇಕದ ನಿಯಮವನ್ನು ಒಪ್ಪಿಕೊಂಡಿತು.

ಚಳವಳಿ ಮುಗಿದ ಮೇಲೆ ಸರ್ಕಾರಗಳು ಇಂಥ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳುವುದುಂಟು. ಅದು ಸ್ವಾಗತಾರ್ಹವೇ. ಆದರೆ ಮೊಕದ್ದಮೆ ಹಿಂತೆಗೆಯುವುದು ಸರ್ಕಾರದ ಕೃಪೆ, ಸಾಕ್ಷ್ಯವಿಲ್ಲದೆ ಶಿಕ್ಷೆಯಾಗದಿರುವುದು ಪ್ರಜೆಯ ಹಕ್ಕು. ಕೃಪೆ ಬಂದಾಗ ರೈತನನ್ನು ಥಳಿಸಿದವರ ಮೇಲಿನ ವಿಚಾರಣೆಯೂ ಸದ್ದಿಲ್ಲದೆ ಮುಗಿದುಹೋಗುವ ಸಂಭವವಿದೆ.

ಈಗ ಪ್ರತಿ ಕೈಯಲ್ಲೂ ಮೊಬೈಲ್ ಇದೆ, ಪ್ರತಿ ಘಟನೆಗೂ ವಿಡಿಯೊ ಇದೆ. ಅದರಿಂದ ಪ್ರಜೆಯ ಬಲ ಹೆಚ್ಚಿದೆ ಎಂಬುದು ನಿಜ. ಆದರೆ ವಿಡಿಯೊ ಇದ್ದ ಮಾತ್ರಕ್ಕೆ ಅದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರ ಕಡ್ಡಾಯ ಎಂದು 2014ರ ಅನ್ವರ್, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪುಗಳು ಸ್ಪಷ್ಟಪಡಿಸಿವೆ. ಹೊಸ ಅಧಿನಿಯಮದ 63ನೆಯ ಕಲಂ ಇನ್ನೂ ಮುಂದೆ ಹೋಗಿ, ದಾಖಲೆ ಹಾಜರುಪಡಿಸುವವರ ಜತೆಗೆ ತಜ್ಞರ ಪ್ರಮಾಣಪತ್ರವನ್ನೂ, ಕಡತ ತಿದ್ದಲ್ಪಟ್ಟಿಲ್ಲವೆಂದು ತೋರಿಸುವ ಹ್ಯಾಷ್ ಸಂಖ್ಯೆಯನ್ನೂ ಕೇಳುತ್ತದೆ. ಪೊಲೀಸರ ಬಳಿ ಇದಕ್ಕೆ ಸಿಬ್ಬಂದಿ ಇದ್ದಾರೆ. ಲಾಠಿ ಏಟಿನ ವಿಡಿಯೊ ಹಿಡಿದುಕೊಂಡು ಬಂದ ರೈತನ ಮಗನಿಗೆ ತಜ್ಞರು ಎಲ್ಲಿ ಸಿಗಬೇಕು? ತಿದ್ದುಪಡಿಯ ಭಯ ಕಾಲ್ಪನಿಕವಲ್ಲ, ನಿಯಮ ಬೇಕು. ಆದರೆ ನಿಯಮ ಪಾಲಿಸುವ ಸಾಧನ ಒಂದೇ ಪಕ್ಷದ ಕೈಯಲ್ಲಿದ್ದರೆ ತಕ್ಕಡಿ ಸಮವಾಗಿರದು.

ಹೊಸ ಸಂಹಿತೆ, ಹಳೆಯ ಅಭ್ಯಾಸ

2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆಶೆ ಹುಟ್ಟಿಸುವ ಅಂಶಗಳಿವೆ. ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆಯನ್ನು, ವಸ್ತುಗಳ ಪಟ್ಟಿ ಮಾಡುವುದು ಮತ್ತು ಸಾಕ್ಷಿಗಳು ಸಹಿ ಮಾಡುವುದನ್ನೂ ಸೇರಿಸಿ, ಧ್ವನಿ ಮತ್ತು ದೃಶ್ಯ ಸಹಿತ ಚಿತ್ರೀಕರಿಸಬೇಕೆಂದು 105ನೆಯ ಕಲಂ ಹೇಳುತ್ತದೆ. ಇದನ್ನು ನಿಷ್ಠೆಯಿಂದ ಪಾಲಿಸಿದರೆ ಈ ಲೇಖನದ ಆರಂಭದ ಸಂಭಾಷಣೆಗೆ ಅವಕಾಶವೇ ಇರುವುದಿಲ್ಲ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎಂಬ ನಿಯಮವೂ ಇದೆ. ಆದರೆ ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶ ಕೊಡಲಾಗಿದೆ. ಗಜೇಂದ್ರಗಡದ ಗುಡ್ಡದಂಚಿನ ಹಳ್ಳಿಯೊಂದರಲ್ಲಿ ರಾತ್ರಿ ಕೊಲೆಯಾದರೆ ಮಳೆ ಬಂದು ರಕ್ತದ ಕಲೆ ತೊಳೆದುಹೋಗುವ ಮೊದಲು ತಜ್ಞರು ತಲುಪಬಲ್ಲರೇ ಎಂಬುದು ಕಾನೂನಿನ ಪ್ರಶ್ನೆಯಲ್ಲ, ವಾಹನ, ಸಿಬ್ಬಂದಿ ಮತ್ತು ಹಣದ ಪ್ರಶ್ನೆ.

ಆತಂಕಕ್ಕೂ ಕಾರಣವಿದೆ. ಹಳೆಯ ಸಂಹಿತೆಯಲ್ಲಿ ಪೊಲೀಸ್ ವಶದ ಅವಧಿ ಬಂಧನದ ಮೊದಲ ಹದಿನೈದು ದಿನಗಳೊಳಗೆ ಮುಗಿಯುತ್ತದೆ ಎಂಬುದು ರೂಢಿಗತ ತಿಳಿವಳಿಕೆಯಾಗಿತ್ತು. ಹೊಸ ಸಂಹಿತೆಯ 187ನೆಯ ಕಲಂ ಪ್ರಕಾರ ಆ ಹದಿನೈದು ದಿನಗಳನ್ನು ಅಪರಾಧದ ಸ್ವರೂಪಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳ ಉದ್ದಕ್ಕೂ ಬಿಡಿಬಿಡಿಯಾಗಿ ಪಡೆಯಬಹುದು. ಇಂದು ಸೆರೆಮನೆಗೆ ಹೋದವನನ್ನು ತಿಂಗಳ ನಂತರ ಮತ್ತೆ ಠಾಣೆಗೆ ತರಬಹುದು ಎಂಬ ಅರಿವೇ ಮನುಷ್ಯನ ಬಾಯಿ ಬಿಡಿಸಲು ಸಾಕು. ಠಾಣೆಗಳಲ್ಲಿ ಸಿ.ಸಿ. ಟಿ.ವಿ. ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದ್ದು ಇಂಥ ಭಯವನ್ನು ಕಡಿಮೆ ಮಾಡಲೆಂದೇ. ಕ್ಯಾಮೆರಾ ಕೆಟ್ಟಿದೆ ಎಂಬ ಉತ್ತರ ಬಂದಾಗ ಅದನ್ನು ಒಪ್ಪದೆ ಕಾರಣ ಕೇಳುವ ನ್ಯಾಯಾಧೀಶರು ಬೇಕು.

ಭಾಷೆಯ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆಯಾಗಿದೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಅವನು ಬಲ್ಲ ಭಾಷೆಯಲ್ಲಿ, ಲಿಖಿತವಾಗಿ ಕೊಡಬೇಕು, ಇದು ಎಲ್ಲ ಅಪರಾಧಗಳಿಗೂ ಅನ್ವಯ ಎಂದು 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ರೋಣದ ಒಕ್ಕಲಿಗನಿಗೆ ಇದರರ್ಥ ಸರಳ: ಕಾರಣ ಕನ್ನಡದಲ್ಲಿರಬೇಕು, ಕಾಗದದ ಮೇಲಿರಬೇಕು, ಓದಲು ಬಾರದವನಿಗೆ ತಿಳಿಯುವಂತಿರಬೇಕು. ಸಾಕ್ಷಿಯ ಹೇಳಿಕೆಯನ್ನು ನ್ಯಾಯಾಲಯ ಅವನ ಭಾಷೆಯಲ್ಲಿ ದಾಖಲಿಸಿ ಓದಿ ಹೇಳಬೇಕೆಂಬ ನಿಯಮವಂತೂ ಮೊದಲಿನಿಂದಲೂ ಇದೆ. ‘ಮಾಡೀನ್ರಿ’ ಎಂದವನ ಮಾತು ಹೈಕೋರ್ಟಿನ ಇಂಗ್ಲಿಷ್ ಅನುವಾದದಲ್ಲಿ ‘ಸ್ವಯಿಚ್ಛೆಯಿಂದ ಸಹಿ ಮಾಡಿದ್ದೇನೆ’ ಎಂದಾಗಿಬಿಡುವ ಅಪಾಯ ತಪ್ಪಬೇಕಾದರೆ ಆ ಮೂಲ ದಾಖಲೆ ನೇರವಾಗಿರಬೇಕು.

ಕೊನೆಗೆ ಮತ್ತೆ ಕಟಕಟೆಯಲ್ಲಿ ನಿಂತ ಆ ಪಂಚನಲ್ಲಿಗೆ ಬರೋಣ. ಅವನನ್ನು ಸುಳ್ಳುಗಾರ ಎನ್ನುವುದು ಸುಲಭ. ಅವನು ಮಗ್ಗ ಬಿಟ್ಟು ಬಂದ ಗಜೇಂದ್ರಗಡದ ನೇಕಾರನಿರಬಹುದು, ಎಣ್ಣೆಗಾಯಿ ಹೊತ್ತಿನಲ್ಲಿ ಬಂಡಿ ಬಿಟ್ಟು ಬಂದ ಖಾನಾವಳಿಯವನಿರಬಹುದು. ಠಾಣೆಯಿಂದ ಕರೆ ಬಂದಾಗ ಒಲ್ಲೆನೆನ್ನುವ ಧೈರ್ಯ ಅವನಿಗಿಲ್ಲ. ವರ್ಷಗಳ ನಂತರ ಸಮನ್ಸ್ ಬಂದಾಗ ದಿನದ ದುಡಿಮೆ ಬಿಟ್ಟು ಬರಬೇಕು. ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ಅದೇ ಊರಿನಲ್ಲಿರುವ ಆರೋಪಿಯ ಕಡೆಯವರು. ನಡುವೆ ನಿಂತವನು ‘ಗೊತ್ತಿಲ್ರಿ’ ಎನ್ನುತ್ತಾನೆ. ಎಷ್ಟೋ ಸಲ ಅದೇ ಅವನು ಹೇಳಬಹುದಾದ ನಿಜ.

ಅವನಿಗೆ ಹೇಳಬೇಕಾದ ಸಂಗತಿಗಳು ಹೆಚ್ಚಿಲ್ಲ. ಖಾಲಿ ಹಾಳೆಗೆ ಸಹಿ ಮಾಡಬಾರದು. ಸಹಿ ಮಾಡುವ ಮೊದಲು ಓದಬೇಕು, ಇಲ್ಲವೇ ಓದಿಸಿ ಕೇಳಬೇಕು. ಪಂಚನಾಮೆಯಲ್ಲಿ ಬರೆದ ಸ್ಥಳಕ್ಕೆ ತಾನು ಹೋಗಿರಬೇಕು, ಬರೆದ ವಸ್ತುವನ್ನು ಕಣ್ಣಾರೆ ಕಂಡಿರಬೇಕು. ತನಿಖೆಯ ವೇಳೆ ಸಾಕ್ಷಿಯಾಗಿ ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿ ಪಡೆಯುವಂತಿಲ್ಲ ಎಂಬುದನ್ನೂ ತಿಳಿದಿರಬೇಕು. ಪ್ರತಿ ತಾಲ್ಲೂಕಿನಲ್ಲೂ ಕಾನೂನು ಸೇವಾ ಸಮಿತಿಗಳು ಅರಿವು ಶಿಬಿರ ನಡೆಸುತ್ತವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದೆಂದು ಅಲ್ಲಿ ಹೇಳಲಾಗುತ್ತದೆ. ಆ ಶಿಬಿರಗಳಲ್ಲಿ ಪಂಚನಾಮೆಯ ಬಗ್ಗೆಯೂ ಹತ್ತು ನಿಮಿಷ ಮಾತನಾಡಿದರೆ ಅದರ ಫಲ ಸೆಷನ್ಸ್ ನ್ಯಾಯಾಲಯದಲ್ಲಿ ಕಾಣಿಸುತ್ತದೆ. ಪೊಲೀಸ್ ತರಬೇತಿ ಶಾಲೆಗಳಲ್ಲಿ 2022 ಮತ್ತು 2024ರ ಆ ಎರಡು ತೀರ್ಪುಗಳನ್ನು ಕನ್ನಡದಲ್ಲಿ ಪಾಠವಾಗಿಸಿದರೆ ಇನ್ನೂ ಬೇಗ ಕಾಣಿಸುತ್ತದೆ.

1858ರಲ್ಲಿ ಹದಿನಾಲ್ಕೇ ದಿನಗಳಲ್ಲಿ ಎಲ್ಲವೂ ಮುಗಿದಿತ್ತು. ಇಂದು ಇಪ್ಪತ್ತೆರಡು ವರ್ಷ ಕಳೆದರೂ ಮುಗಿಯುವುದಿಲ್ಲ. ಈ ವಿಳಂಬದಿಂದ ಬೇಸತ್ತವರು ಹಳೆಯ ವೇಗವನ್ನೇ ಬಯಸುವುದುಂಟು. ಆದರೆ ವಿಳಂಬಕ್ಕೆ ಕಾರಣ ಪ್ರಜೆಯ ಹಕ್ಕುಗಳಲ್ಲ. ಮೊದಲ ದಿನವೇ ನೆಟ್ಟಗೆ ಬರೆಯಬಹುದಾಗಿದ್ದ ಒಂದು ಪಂಚನಾಮೆಯನ್ನು ಬರೆಯದೆ ಹೋದದ್ದಕ್ಕೆ ಮೂರು ನ್ಯಾಯಾಲಯಗಳು ದಶಕಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಯಿತು. ಮುಂದಿನ ಸಲ ‘ಈ ಸಹಿ ನಿಮ್ಮದೇ?’ ಎಂಬ ಪ್ರಶ್ನೆಗೆ ‘ಹೌದ್ರಿ, ನನ್ನ ಕಣ್ಣ ಮುಂದನ ಆತು’ ಎಂದು ಒಬ್ಬ ಸಾಮಾನ್ಯ ಮನುಷ್ಯ ಅಂಜದೆ ಹೇಳುವಂತಾದರೆ, ಅಥವಾ ಅಷ್ಟೇ ನಿರ್ಭಯವಾಗಿ ‘ಆಗಿಲ್ರಿ, ಅದಕ್ಕ ನಾ ಸಹಿ ಮಾಡಿಲ್ಲ’ ಎನ್ನುವಂತಾದರೆ, 20ನೆಯ ವಿಧಿ ಮತ್ತು 21ನೆಯ ವಿಧಿಗಳು ಬೆಂಗಳೂರು, ದೆಹಲಿಗಳ ತೀರ್ಪುಗಳಿಂದ ಇಳಿದು ರೋಣ, ನರಗುಂದ, ಗಜೇಂದ್ರಗಡಗಳಿಗೂ ಬಂದಿವೆ ಎಂದು ನಂಬಬಹುದು.